ಕಾಪಿಯ ಕಾಪಿ

ಸಾತಪ್ಪನ ಕಷ್ಟಕ್ಕೆ ಮೂಲ ಒಂದು ಚಪ್ಪಟೆ ಡಬ್ಬಿ. ಡಬ್ಬಿಯೊಳಗೆ ಒಂದು ಟೇಪು. ಟೇಪಿನೊಳಗೆ ಬೆಳಗಾವಿಯ ಹೆಂಚಿನ ಕಂಪನಿಯೊಂದರ ಪೂರ್ತಿ ಲೆಕ್ಕ.

ಎಂಬತ್ತೈದರ ಸುಮಾರಿಗೆ ಆ ಕಂಪನಿಯವರು ಮುಂಬಯಿಯಿಂದ ಯಾರೋ ಬಳಸಿ ಬಿಟ್ಟ ಕಂಪ್ಯೂಟರ್ ತಂದಿದ್ದರು. ಅದು ಈದ ಎಮ್ಮೆಯ ಹಾಗೆ ಒಂದು ಕೋಣೆ ತುಂಬ ಹರಡಿಕೊಂಡು ಬುಸುಗುಡುತ್ತಿತ್ತು. ಅದಕ್ಕೆ ಎ.ಸಿ. ಇತ್ತು. ಸಾತಪ್ಪನಿಗೆ ಫ್ಯಾನೂ ಇರಲಿಲ್ಲ. ಅವನು ಆ ಕಂಪನಿಗೆ ಸೇರಿದಾಗಿನಿಂದ ಟೆಂಪರರಿ.

ಆ ಮಳೆಗಾಲದ ಅಮಾವಾಸ್ಯೆಯ ಬೆಳಿಗ್ಗೆ ಮ್ಯಾನೇಜರ್ ಬಾಳಾಸಾಹೇಬರು ಅವನನ್ನು ಕರೆದು ಆ ಡಬ್ಬಿ ಕೈಗಿಟ್ಟರು.

“ಮಷೀನಿನ ಲೆಕ್ಕದ್ದು ಒಂದು ಕಾಪಿ ಬಾಜೂಕಿನ ಕಪಾಟಿನಾಗ ಐತಿ. ನಾಳೆ ಬೆಂಕಿ ಬಿತ್ತಂದ್ರ ಮಷೀನೂ ಹೋತು, ಕಪಾಟೂ ಹೋತು. ಅದಕ್ಕ ಇದು ಕಾಪೀದು ಕಾಪಿ. ನಮ್ಮ ಖಾನಾಪುರ ಫ್ಯಾಕ್ಟರಿಯಾಗ ಇಟ್ಟು ಬಾ. ನೀರು ತಾಗಬಾರದು. ಚುಂಬಕದ ಹತ್ರ ಒಯ್ಯಬ್ಯಾಡ, ಎಲ್ಲಾ ಅಳಿಸಿ ಹೋಗತೈತಿ. ಸುರಳೀತ ಮುಟ್ಟಿಸಿದಿ ಅಂದ್ರ ಸಂಜೀಕ ನಿನ್ನ ಪರ್ಮನೆಂಟ್ ಆರ್ಡರಿಗೆ ಸಹಿ.”

ಕಪಾಟಿನ ಕೀಲಿ ಹಿಡಿದುಕೊಂಡು ನಿಂತಿದ್ದ ಹೆಡ್‌ಕ್ಲಾರ್ಕ್ ರಾಯಪ್ಪ ಮೂಗು ಮುರಿದ. “ಅಮಾಸಿ ದಿನ ಲೆಕ್ಕಾನ ಊರ ಹೊರಗ ಕಳಸ್ತಾರೇನ್ರಿ ಸಾಹೇಬ್ರ? ಸಂಜೀಕ ಮಷೀನಿಗೆ ಪೂಜಿ ಇಟ್ಟೇನಿ. ದೇವರಿಗಿಂತ ಕಾಪಿ ದೊಡ್ಡದೇನು?”

ಸಾತಪ್ಪ ಹಸುಗೂಸಿನಂತೆ ಡಬ್ಬಿಯನ್ನು ಎದೆಗವಚಿಕೊಂಡು ಬಸ್ಸು ಹತ್ತಿದ. ಪಕ್ಕದಲ್ಲಿ ಕೋಳಿಬುಟ್ಟಿಯ ಮಾಯಕ್ಕ.

“ಏನೈತೋ ತಮ್ಮಾ ಅದರಾಗ?”

“ಕಂಪನಿ ಲೆಕ್ಕ, ಆಯಿ.”

“ಲೆಕ್ಕಾನ ಡಬ್ಬ್ಯಾಗ ಹಾಕಿ ಒಯ್ತಾರೇನು? ಉಂಡಿ ಅದಾವು, ಕೊಡಾಕ ಜೀವ ಬರವಲ್ದು ಅನ್ನು!”

ಇಡೀ ಬಸ್ಸು ನಕ್ಕಿತು. ದೇಸೂರು ದಾಟುತ್ತಲೇ ಬಸ್ಸು ಕೆಮ್ಮಿ, ಕೆಟ್ಟು ನಿಂತಿತು. ಆಕಾಶ ಹರಿದಂತೆ ಮಳೆ. ಅಷ್ಟರಲ್ಲಿ ಬೆಳಗಾವಿಯ ಬಂಡೆಪ್ಪನ ಬಾಡಿಗೆ ಟೆಂಪೋ ಬಂತು. “ಖಾನಾಪುರದಾಗ ಭಾಷಣ ಐತಿ. ಹಿಂದ ಹತ್ರಿ!”

ಹಿಂದೆ ತಾಡಪತ್ರಿಯ ಕೆಳಗೆ ಬರೀ ಲೌಡ್‌ಸ್ಪೀಕರು. ಒಂದೊಂದರ ಬೆನ್ನಿಗೂ ರೊಟ್ಟಿಯಗಲದ ಚುಂಬಕ. ಸಾತಪ್ಪ ಹೌಹಾರಿ ಹಿಂದೆ ಸರಿದ.

“ಯಾಕ್ರೀ, ಸ್ಪೀಕರ್ ಏನ್ ಕಚ್ಚತಾವೇನು?”

“ನೀ ನಡಿಯಪ್ಪ, ನಾ ನಡಕೋತ ಬರ್ತೇನಿ.”

ಡಬ್ಬಿಗೆ ಕೊಡೆ ಹಿಡಿದು, ತಾನು ತೋಯ್ದುಕೊಂಡು ಖಾನಾಪುರದವರೆಗೆ ನಡೆದ. ಫ್ಯಾಕ್ಟರಿ ಮುಟ್ಟಿದಾಗ ಡಬ್ಬಿಗೆ ಹನಿಯೂ ತಾಗಿರಲಿಲ್ಲ. ಸಾತಪ್ಪ ಹಿಂಡಿದ ಅರಿವೆಯಾಗಿದ್ದ.

ಫ್ಯಾಕ್ಟರಿಯ ಆಫೀಸಿನ ತುಂಬ ಬಕೀಟು, ತಪೇಲಿ. ಎಲ್ಲದರಲ್ಲೂ ಟಪ್ ಟಪ್.

“ಹೆಂಚು ಮಾಡೂ ಫ್ಯಾಕ್ಟರಿ ಸೋರತೈತೇನ್ರಿ ಗುರುಪುತ್ರಪ್ಪಾರ?”

“ಛಲೋ ಹೆಂಚು ಮಾರಾಕ ಬೇಕಲ್ಲೋ. ಒಡಕು ನಮಗ,” ಎಂದರು ಫ್ಯಾಕ್ಟರಿಯ ಮೇಲ್ವಿಚಾರಕ ಗುರುಪುತ್ರಪ್ಪ.

“ಈ ಡಬ್ಬಿಗೆ ಹನಿ ನೀರ ಬಿದ್ರೂ ನನ್ನ ನೌಕರಿ ಹೋಗತೈತ್ರಿ.”

“ನಿಂದಷ್ಟ ಏನು, ನಂದೂ ಹೋಗತೈತಿ. ಚಿಂತಿ ಬಿಡು. ಹನಿ ಬೀಳದಂಥಾ ಜಾಗಾದಾಗ ಇಡಸ್ತೇನಿ.”

ಡಬ್ಬಿ ಮುಟ್ಟಿತೆಂದು ಸಹಿ ಮಾಡಿ, ಶಿಕ್ಕಾ ಒತ್ತಿ ಚೀಟಿ ಕೊಟ್ಟರು. ಸಾತಪ್ಪ ಚಹಾ ಕುಡಿಯುವುದರೊಳಗೆ ಒಳಗೆ ಹೋಗಿ, ಹುಲ್ಲು ತುಂಬಿ ಹೊಲಿದ ಒಂದು ಗೋಣಿಗಂಟು ತಂದರು. “ಹೆಂಗೂ ಬೆಳಗಾವಿಗೆ ಹೊಂಟೀದಿ. ಇದನ್ನ ರಾಯಪ್ಪನ ಕೈಯಾಗ ಕೊಡು. ಏನ್ ಮಾಡಬೇಕು ಅಂತ ಅವಂಗ ಫೋನ್ ಮಾಡಿ ಹೇಳತೇನಿ.”

ಹೆಂಚಿನ ಸ್ಯಾಂಪಲ್ ಇರಬೇಕೆಂದುಕೊಂಡ ಸಾತಪ್ಪ. ಟೆಂಪರರಿಯವನು ಕೇಳುವುದಿಲ್ಲ, ಹೊರುತ್ತಾನೆ.

ಮಳೆಗೆ ಭಾಷಣ ರದ್ದಾಗಿ ಬಂಡೆಪ್ಪನ ಟೆಂಪೋ ತಿರುಗಿ ಹೊರಟಿತ್ತು. “ಈಗ ಹತ್ತತೀರಿ?”

“ಈಗೇನಪ್ಪ, ನನ್ನ ಕಡೆ ಡಬ್ಬಿ ಇಲ್ಲ.”

ಎಲ್ಲಕ್ಕಿಂತ ದೊಡ್ಡ ಸ್ಪೀಕರಿನ ಮೇಲೆ ಗಂಟಿಟ್ಟು, ಅದನ್ನೇ ತಲೆದಿಂಬು ಮಾಡಿಕೊಂಡ. ಪರ್ಮನೆಂಟ್ ಆದವರಿಗೆ ಬೀಳುವಂಥ ನಿದ್ದೆ ಬಿತ್ತು.

ಸಂಜೆ ಗಂಟನ್ನು ರಾಯಪ್ಪನಿಗೆ ಒಪ್ಪಿಸಿದ. ರಾಯಪ್ಪ “ಹ್ಞೂಂ, ಫೋನ್ ಬಂದಿತ್ತು” ಎಂದು ಅದನ್ನು ಕಪಾಟಿನೊಳಗಿಟ್ಟು, ಯಂತ್ರದ ಮುಂದೆ ಕರ್ಪೂರ ಹಚ್ಚಿದ. ಎ.ಸಿ. ಗಾಳಿಗೆ ಉರಿ ವಾಲಿ ಕಿಟಕಿಯ ಪರದೆಗೆ ಹತ್ತಿತು. ಪರದೆಯಿಂದ ಕಾಗದದ ರಾಶಿಗೆ. ಮಂದಿ ಹೊರಗೋಡಿ ಬಚಾವಾದರು. ಯಂತ್ರವೂ ಹೋಯಿತು, ಕಪಾಟೂ ಹೋಯಿತು.

ಬಾಳಾಸಾಹೇಬರು ಮಾತ್ರ ಹೊಗೆಯಲ್ಲೂ ನಕ್ಕು ಸಾತಪ್ಪನನ್ನು ಅಪ್ಪಿಕೊಂಡರು. “ಹೋಗಲಿ ಬಿಡ್ರಿ! ಲೆಕ್ಕ ಖಾನಾಪುರದಾಗ ಐತಿ. ಸಾತಪ್ಪಾ, ಕಂಪನಿ ಉಳಿಸಿದಿಪಾ!”

ಬಾಜೂಕಿನ ಅಂಗಡಿಯಿಂದ ಖಾನಾಪುರಕ್ಕೆ ಫೋನು ಹಚ್ಚಿದರು. ಗುರುಪುತ್ರಪ್ಪನ ಧ್ವನಿ ರಸ್ತೆಗೆ ಕೇಳುವಷ್ಟು ಜೋರಾಗಿತ್ತು.

“ಏನೂ ಕಾಳಜಿ ಮಾಡಬ್ಯಾಡ್ರಿ ಸಾಹೇಬ್ರ! ನಮ್ಮಲ್ಲಿ ಸೋರತೈತಿ ಅಂತ ಡಬ್ಬಿ ಗೋಣ್ಯಾಗ ಹೊಲಿದು ಸಾತಪ್ಪನ ಕೈಯಾಗ ನಿಮ್ಮ ಕಪಾಟಿಗೇ ಕಳಿಸೇನಿ. ಎ.ಸಿ. ರೂಮಿಗಿಂತಾ ಭದ್ರ ಜಾಗಾ ಮತ್ತ ಯಾವುದೈತ್ರಿ?”

ಸಾತಪ್ಪ ಜೇಬಿನಿಂದ ಶಿಕ್ಕಾ ಒತ್ತಿದ ಚೀಟಿ ತೆಗೆದು ತೋರಿಸಿದ. ಯಾರೂ ನೋಡಲಿಲ್ಲ.

ವಿಚಾರಣೆಗೆ ಬಹಳ ಹೊತ್ತು ಹಿಡಿಯಲಿಲ್ಲ. ರಾಯಪ್ಪ ಪರ್ಮನೆಂಟ್. ಗುರುಪುತ್ರಪ್ಪ ಪರ್ಮನೆಂಟ್. ಬೆಂಕಿ ದೇವರದು. ತೆಗೆದುಹಾಕಲು ಬರುವಂಥವನು ಸಾತಪ್ಪನೊಬ್ಬನೇ ಇದ್ದ.