ಮಂಗಟ್ಟೆಯ ಎರಡನೇ ಪುಟ

ಕಚೇರಿಯ ಪತ್ರವನ್ನು ಕೊನೆಯವರೆಗೆ ಓದುವವನು ಒಂದೋ ಹೊಸಬ, ಇಲ್ಲವೇ ಮನೆಯಲ್ಲಿ ಯಾರೂ ಇಲ್ಲದವನು. ನಾನು ಹೊಸಬನಾಗಿದ್ದಾಗ ಓದಲಿಲ್ಲ, ಈಗ ಓದುತ್ತಿದ್ದೇನೆ. ಅಮ್ಮ ಹೋದ ಮೇಲೆ ಜೆಪ್ಪುವಿನ ಮನೆಯಲ್ಲಿ ನಾನೊಬ್ಬನೇ. ಕುಕ್ಕರ್ ಮೂರು ಸಲ ಕೂಗಿದರೆ ಆ ದಿನದ ಮಾತುಕತೆ ಮುಗಿಯಿತು. ಹಾಗಾಗಿ ನಮ್ಮ ಮೃಗಾಲಯದ ಹಳೆಯ ಪತ್ರಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಬಂದಾಗ ಉಳಿದ ಗುಮಾಸ್ತರೆಲ್ಲ ಸೊಂಟ ಹಿಡಿದುಕೊಂಡರು, ನಾನು ಮಾತ್ರ ಖುಷಿಯಿಂದ ಒಪ್ಪಿಕೊಂಡೆ.

ಹಕ್ಕಿಗಳ ವಿನಿಮಯದ ಪತ್ರಗಳೆಂದರೆ ಸಾಕ್ಷಾತ್ ಮದುವೆ ಮಾತುಕತೆಯೇ. ನಮ್ಮಲ್ಲಿ ಗಂಡು ನವಿಲು ಹೆಚ್ಚುವರಿ ಇದೆ, ನಿಮ್ಮಲ್ಲಿ ಹೆಣ್ಣು ಎಮು ಇದೆಯೇ? ವಯಸ್ಸು, ಊಟ, ಸ್ವಭಾವ ಎಲ್ಲ ಬರೆಯುತ್ತಾರೆ. ಒಂದರಲ್ಲಂತೂ "ಈ ಗಿಳಿ ಬೈಯುತ್ತದೆ, ಮಕ್ಕಳಿಂದ ದೂರ ಇಡಿ" ಎಂದಿತ್ತು. ಅಮ್ಮ ನನ್ನ ಜಾತಕ ಹಿಡಿದು ಊರೆಲ್ಲ ಸುತ್ತಿದ ಕಾಲದಲ್ಲಿ ನನ್ನ ಬಗ್ಗೆ ಯಾರೂ ಇಷ್ಟು ಪ್ರಾಮಾಣಿಕವಾಗಿ ಬರೆದಿರಲಿಲ್ಲ.

ಮೂರನೇ ದಿನ ಮಂಗಟ್ಟೆ ಹಕ್ಕಿಯ ಕಡತ ಬಿಚ್ಚಿದೆ. ನಾನು ಕೆಲಸಕ್ಕೆ ಸೇರಿದ ವರ್ಷ, ನಮ್ಮ ಒಂಟಿ ಗಂಡು ಮಂಗಟ್ಟೆಗೆ ಜೊತೆ ಬೇಕೆಂದು ಬೇರೊಂದು ಮೃಗಾಲಯಕ್ಕೆ ಬರೆದಿದ್ದರು. ಉತ್ತರದ ಮೊದಲ ಪುಟದಲ್ಲಿ ಮಾಮೂಲು ಸಾಲು: ಪತ್ರ ತಲುಪಿದೆ, ಪರಿಶೀಲಿಸಲಾಗಿದೆ. ಇಂಥದ್ದರ ಮೇಲೆ ‘ಕಡತಕ್ಕೆ’ ಎಂದು ಗೀಚಿ ದಾರ ಕಟ್ಟಿಬಿಡುವುದು ನಮ್ಮ ಪದ್ಧತಿ. ಹಾಗೆಯೇ ಕಟ್ಟಲಾಗಿತ್ತು. ಪುಟ ಮಗುಚಿದೆ. "ಹೆಣ್ಣು ಸಿದ್ಧವಿದೆ. ಗೂಡು ಸಮೇತ ಜನ ಕಳುಹಿಸಿ. ತಿಂಗಳೊಳಗೆ ಬಾರದಿದ್ದರೆ ಬೇರೆಯವರಿಗೆ ಕೊಡುತ್ತೇವೆ." ‘ಕಡತಕ್ಕೆ’ ಎಂದು ಗೀಚಿದ ಕೈ ನನ್ನದೇ!

ಆ ಮಂಗಟ್ಟೆ ಇನ್ನೂ ಇದೆ, ಒಂಟಿಯಾಗಿಯೇ. ಊಟದ ಬಿಡುವಿನಲ್ಲಿ ಹೋಗಿ ಗೂಡಿನ ಎದುರು ನಿಂತೆ. "ತಪ್ಪಾಯಿತು ಮಾರಾಯ" ಎಂದೆ. ಅದು ದೊಡ್ಡ ಕೊಕ್ಕು ತಿರುಗಿಸಿ ಒಂದೇ ಕಣ್ಣಲ್ಲಿ ನನ್ನನ್ನು ನೋಡಿ, ಪಪ್ಪಾಯಿ ತಿನ್ನಲು ಹೋಯಿತು. ಆ ಗಿಳಿಯಂತೆ ಎರಡು ಬೈದಿದ್ದರೂ ಸಮಾಧಾನವಾಗುತ್ತಿತ್ತು. ನನಗೆ ನಿಜಕ್ಕೂ ಅಳು ಬಂತು.

ಕೂಡಲೇ ಬಂದು ಅದೇ ಮೃಗಾಲಯಕ್ಕೆ ಹೊಸ ಪತ್ರ ಟೈಪು ಮಾಡಿದೆ. ನಮ್ಮ ವಿಭಾಗದ ಮುಖ್ಯಸ್ಥೆ ಲವೀನಾ ಮೇಡಂ ನೋಡಿ ಒಪ್ಪಿದರೆ ಪತ್ರ ನಿರ್ದೇಶಕರ ಸಹಿಗೆ ಹೋಗುತ್ತದೆ.

"ಎಂತ ಇಷ್ಟುದ್ದ? ಕೊಡಿ ನೋಡುವ" ಎಂದು ಅವರು ಗಟ್ಟಿಯಾಗಿ ಓದಿದರು. "ವಯಸ್ಸಾಗಿದೆ. ಆರೋಗ್ಯ ಪರವಾಗಿಲ್ಲ. ಯಾರ ಗೋಜಿಗೂ ಹೋಗುವ ಸ್ವಭಾವವಲ್ಲ. ಮರಿಗಳ ನಿರೀಕ್ಷೆಯಿಲ್ಲ, ಪಕ್ಕದಲ್ಲೊಂದು ಜೀವ ಇದ್ದರೆ ಸಾಕು. ಭಾನುವಾರ ಕಳೆಯುವುದು ಬಹಳ ಕಷ್ಟ."

ಅವರು ಕನ್ನಡಕ ಕೆಳಗಿಳಿಸಿದರು. "ಭಾನುವಾರ ಎಂತ ಕಷ್ಟ ಮಾರಾಯ್ರೆ ಅದಕ್ಕೆ? ಭಾನುವಾರ ಗೂಡಿನ ಎದುರು ಕಾಲಿಡ್ಲಿಕ್ಕೆ ಜಾಗ ಉಂಟಾ?"

"ಟೈಪಿಂಗ್ ತಪ್ಪು ಮೇಡಂ" ಎಂದು ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಿದೆ.

ಉಳಿದ ಸಾಲುಗಳಾದರೂ ಹಕ್ಕಿಯವೇ ಎಂದು ಪ್ರಮಾಣ ಮಾಡಲಾರೆ. ಲವೀನಾ ಮೇಡಂ ನನ್ನ ಮುಖವನ್ನೊಮ್ಮೆ, ಕಾಗದವನ್ನೊಮ್ಮೆ ನೋಡಿದರು. ಆಮೇಲೆ ಮೆಲ್ಲಗೆ, "ಬಾಕಿದ್ದೆಲ್ಲ ಸರಿ ಉಂಟು, ಇರ್ಲಿ" ಎಂದು ಸಹಿಗೆ ಕಳುಹಿಸಿದರು.