ಗುಂಡಿಮಾಮನಿಗೊಬ್ಬ ಸಹಾಯಕ ಬೇಕು

ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ, ಒಂದು ಮಗು ಮಗುಚಿಕೊಂಡಿದ್ದು.

ಬೆಳಿಗ್ಗೆ ಗುಂಡಿಮಾಮ ಒಂದು ಕಾಲಿಗೆ ಚಪ್ಪಲಿ ಹಾಕಿ ಇನ್ನೊಂದನ್ನು ಹುಡುಕುತ್ತಿದ್ದಾಗ ಫೋನ್ ಬಂತು. ಮಗಳ ಹೆರಿಗೆಗೆಂದು ಅವಳ ಊರಿಗೆ ಹೋಗಿ ಅಲ್ಲೇ ಉಳಿದಿದ್ದ ಹೆಂಡತಿ ಕೂಗುತ್ತಿದ್ದಳು.

“ರೀ, ಮಗು ಮಗುಚಿಕೊಳ್ತು! ನೀವಿನ್ನೂ ಅದರ ಮುಖಾನೇ ನೋಡಿಲ್ಲ. ಹೀಗೇ ಆದ್ರೆ ಅದೇ ನಡ್ಕೊಂಡು ಬಂದು ತಾತನ್ನ ನೋಡ್ಬೇಕಾಗುತ್ತೆ!”

“ನಾಳೆ ಬೆಳಗಿನ ಬಸ್ಸಿಗೆ ಟಿಕೆಟ್ ಮಾಡಿಸಿದ್ದೀನಲ್ಲೇ!”

“ಹೋದ ಸಲಾನೂ ಮಾಡಿಸಿದ್ರಿ. ಬಸ್ಸು ಬಂತು, ನೀವು ಬರ್ಲಿಲ್ಲ.”

ಮೊಮ್ಮಗುವನ್ನು ಎತ್ತಿಕೊಳ್ಳಬೇಕೆಂಬ ಆಸೆ ಗುಂಡಿಮಾಮನಿಗಿಲ್ಲವೇ? ರಾತ್ರಿ ದಿಂಬನ್ನು ತೋಳಿನ ಮೇಲೆ ಮಲಗಿಸಿಕೊಂಡು ಅಭ್ಯಾಸ ಮಾಡುತ್ತಿದ್ದ, ಪಾಪ.

ಹೊಲಿಗೆಯವರಿಗೆಲ್ಲ ಗುಂಡಿ ಮಾರುವ ದೊಡ್ಡ ಮಳಿಗೆಯೊಂದರಲ್ಲಿ ಅವನು ಉಗ್ರಾಣದ ಮುಖ್ಯಸ್ಥ. ನೆಲದಿಂದ ಸೂರಿನವರೆಗೂ ಪುಟ್ಟ ಪುಟ್ಟ ಡ್ರಾಯರುಗಳು. ಒಂದರ ಮೇಲೂ ಹೆಸರಿಲ್ಲ. ಯಾವ ಗುಂಡಿ ಎಲ್ಲಿದೆ ಎಂಬುದೆಲ್ಲ ಅವನ ತಲೆಯಲ್ಲಿತ್ತು. ಚೀಟಿ ಅಂಟಿಸಿಬಿಟ್ಟರೆ ಆಮೇಲೆ ತನ್ನನ್ನು ಯಾರು ಕೇಳುತ್ತಾರೆ ಎಂದು ಅವನೇ ಯಾವತ್ತೂ ಅಂಟಿಸಿರಲಿಲ್ಲ. ಆ ಜಂಬವೇ ಈಗ ಕುತ್ತಿಗೆಗೆ ಬಂದಿತ್ತು. ಕೆಲಸ ಬಲ್ಲ ಸಹಾಯಕ ಇದ್ದರೆ ಮಾತ್ರ ಮುಖ್ಯಸ್ಥರಿಗೆ ರಜೆ ಎಂದು ಯಜಮಾನರ ಕಟ್ಟಪ್ಪಣೆ. ಸಹಾಯಕನ ಕುರ್ಚಿಯೋ ಖಾಲಿ ಬಿದ್ದು ಬಿದ್ದು, ಅದರಲ್ಲಿ ಬೆಕ್ಕು ಮರಿ ಹಾಕಿತ್ತು.

“ಇವತ್ತು ಸಂಜೆಯೊಳಗೆ ಆ ಕುರ್ಚಿ ತುಂಬಿಸೇ ತುಂಬಿಸ್ತೀನಿ!” ಎಂದು ಯಜಮಾನರು ಮೇಜು ಗುದ್ದಿ ಹೇಳಿದ್ದರು. ಬಾಗಿಲ ಹೊರಗಿನ ಬೆಂಚಿನಲ್ಲಿ ಆಗಲೇ ಜನ ಸಾಲಾಗಿ ಕೂತಿದ್ದರು.

ಆದರೆ ಆ ಮಳಿಗೆಗೊಂದು ಪದ್ಧತಿಯಿತ್ತು. ಹಿಂದೊಮ್ಮೆ ಯಾರನ್ನೂ ಕೇಳದೆ ಸೇರಿಸಿಕೊಂಡ ಒಬ್ಬಾತ ದಿನವಿಡೀ ಶಿಳ್ಳೆ ಹಾಕಿ ಎಲ್ಲರ ತಲೆ ಚಿಟ್ಟುಹಿಡಿಸಿದ್ದ. ಅಂದಿನಿಂದ ಉಗ್ರಾಣದ ಕೋಣೆಯಲ್ಲಿ ಕೂರುವವರೆಲ್ಲ ಕೈಯೆತ್ತಿ ಒಪ್ಪಿದರಷ್ಟೇ ಹೊಸಬರಿಗೆ ಕೆಲಸ. ಎಲ್ಲರೂ ಅಂದರೆ ಲೆಕ್ಕ ಬರೆಯುವ ಲೆಕ್ಕದಕ್ಕ, ಪೊಟ್ಟಣ ಕಟ್ಟುವ ದಾರದಣ್ಣ ಮತ್ತು ನಮ್ಮ ಗುಂಡಿಮಾಮ.

ಮೊದಲು ಬಂದವಳು ಒಬ್ಬ ಚುರುಕಾದ ಹುಡುಗಿ. ಉಗ್ರಾಣ ನಡೆಸುವುದನ್ನೇ ಕಾಲೇಜಿನಲ್ಲಿ ಓದಿ ಪದವಿ ಪಡೆದವಳು. ಗುಂಡಿಮಾಮನಿಗೆ ಆಗಲೇ ಬಸ್ಸಿನ ಹಾರನ್ ಕೇಳಿಸಿತು.

“ಬೇಡಪ್ಪ ಬೇಡ,” ಲೆಕ್ಕದಕ್ಕ ಮೂಗು ಮುರಿದಳು. “ಇಷ್ಟೊಂದು ಓದಿದೋಳು ನಮ್ಮಲ್ಲಿ ನಿಲ್ತಾಳಾ? ಜಾಸ್ತಿ ಓದಿರೋರು ಬೇಡವೇ ಬೇಡ.”

ಹುಡುಗಿ ಹೋದಳು. ಎರಡನೆಯವನು ಓದು ಬರಹದ ಗೋಜಿಗೇ ಹೋಗದ ದಷ್ಟಪುಷ್ಟ ಆಸಾಮಿ.

“ಓದೇ ಇಲ್ವಲ್ಲ!” ಎಂದಳು ಲೆಕ್ಕದಕ್ಕ. “ಅಷ್ಟಿಷ್ಟಾದ್ರೂ ಬೇಡ್ವಾ?”

“ಅಕ್ಕ, ನಿಮಗೆ ಬೇಕಾಗಿರೋದಾದ್ರೂ ಏನು?” ಗುಂಡಿಮಾಮ ಕೈಮುಗಿದ.

“ಹದವಾಗಿ ಓದಿರ್ಬೇಕು. ನಿನ್ ಥರ.”

ಮೂರನೆಯವನಿಗೆ ಓದು ಹದವಾಗಿಯೇ ಇತ್ತು, ಅನುಭವ ಮಾತ್ರ ಇರಲಿಲ್ಲ. “ಅನುಭವ ಇಲ್ದಿರೋನು ಜೇಬಿನ ಗುಂಡೀನ ಕೋಟಿಗೆ ಕಳಿಸ್ತಾನೆ,” ಎಂದ ದಾರದಣ್ಣ. ನಾಲ್ಕನೆಯವಳು ಬೇರೊಂದು ಗುಂಡಿ ಮಳಿಗೆಯಲ್ಲಿ ವರ್ಷಗಟ್ಟಲೆ ದುಡಿದವಳು. ದಾರದಣ್ಣ ಕಣ್ಣು ಕಿರಿದು ಮಾಡಿದ. “ಅಲ್ಲಿ ಯಾಕಮ್ಮ ಬಿಟ್ಟೆ? ಅವರನ್ನ ಬಿಟ್ಟೋಳು ನಮ್ಮನ್ನ ಬಿಡಲ್ಲ ಅಂತ ಏನು ಖಾತ್ರಿ? ಅನುಭವ ಇರ್ಬೇಕು, ಆದ್ರೆ ಎಲ್ಲೂ ಕೆಲಸ ಬಿಟ್ಟಿರಬಾರ್ದು.”

“ಬಿಡದೆ ಇಲ್ಲಿಗೆ ಹೇಗೆ ಬರಲಿ?” ಎಂದು ಆಕೆ ಕೇಳಿದ್ದು ನ್ಯಾಯವಾಗಿತ್ತು. ನ್ಯಾಯಕ್ಕೆ ಅಲ್ಲಿ ಕೈಯೆತ್ತುವವರಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗುಂಡಿಮಾಮ ಬೆವರಿ ತೊಪ್ಪೆಯಾಗಿದ್ದ. ಅಷ್ಟರಲ್ಲಿ ಬಂದ ನೋಡಿ ಒಬ್ಬ! ಹದವಾದ ಓದು. ತಂದೆಯ ಅಂಗಡಿಯಲ್ಲೇ ಗುಂಡಿ ಮಾರಿ ಅನುಭವ. ಅಂಗಡಿಯೇ ಮುಚ್ಚಿಹೋದ್ದರಿಂದ ಅವನಾಗಿ ಬಿಟ್ಟದ್ದು ಏನೂ ಇಲ್ಲ. ಲೆಕ್ಕದಕ್ಕ ಕೈಯೆತ್ತಿದಳು. ದಾರದಣ್ಣನೂ ಎತ್ತಿದ. ಇನ್ನು ಗುಂಡಿಮಾಮ ಎತ್ತಿದರೆ ಮುಗಿಯಿತು.

ಆಗ ಆ ಮನುಷ್ಯ ನಗುತ್ತಾ ಅಂದ, “ಇದೇನು ಮಹಾ ಕೆಲಸ ಬಿಡಿ, ಮಾಮ. ಎರಡು ದಿನದಲ್ಲಿ ಕಲಿತುಬಿಡ್ತೀನಿ.”

ಗುಂಡಿಮಾಮನ ಅರ್ಧ ಎತ್ತಿದ ಕೈ ಅಲ್ಲೇ ನಿಂತಿತು. ಎರಡು ದಿನವಂತೆ! ಅವನ ಇಡೀ ಆಯುಷ್ಯ ಸವೆದ ಕೆಲಸ! ಕೈ ಕೆಳಗಿಳಿಸಿ, ಬೊಗಸೆ ತುಂಬ ಗುಂಡಿ ತಂದು ಮೇಜಿನ ಮೇಲೆ ಸುರಿದ.

“ಕಣ್ಮುಚ್ಚಿ ಮುಟ್ಟಿ ನೋಡಿ ಹೇಳಿ, ಯಾವುದು ಯಾವ ಡ್ರಾಯರಿಂದು?”

“ಡ್ರಾಯರ್ ಮೇಲೆ ಹೆಸರೇ ಇಲ್ವಲ್ಲ ಮಾಮ?”

“ಹೆಸರು ಓದಿ ಹೇಳೋಕೆ ನಾನ್ಯಾಕೆ ಬೇಕು?” ಎಂದು ಗುಂಡಿಮಾಮ ತಾನೇ ಕಣ್ಣು ಮುಚ್ಚಿ, ಒಂದೊಂದನ್ನೇ ಬೆರಳಲ್ಲಿ ಸವರಿ, ಪಟಪಟನೆ ಡ್ರಾಯರುಗಳಿಗೆ ಎಸೆದ. ಒಂದೂ ತಪ್ಪಲಿಲ್ಲ. ದಾರದಣ್ಣ ಶಿಳ್ಳೆ ಹಾಕಲು ಹೋಗಿ ಆ ಹಳೆಯ ಶಿಳ್ಳೆಯವನು ನೆನಪಾಗಿ ಬಾಯಿ ಮುಚ್ಚಿಕೊಂಡ. “ಇಷ್ಟು ಬಂದ್ರೆ ಸಹಾಯಕ. ಇಲ್ಲಾಂದ್ರೆ ಇಲ್ಲ!” ಎಂದು ಗುಂಡಿಮಾಮ ಎದೆ ಉಬ್ಬಿಸಿ ಕಣ್ಣು ತೆರೆದ. ಎದುರಿನ ಕುರ್ಚಿ ಖಾಲಿ, ಬಂದಿದ್ದವನು ಎದ್ದು ಹೋಗಿಯಾಗಿತ್ತು. ಆಗ ನೆನಪಾಯಿತು ಮೊಮ್ಮಗು. ತಲೆ ತಲೆ ಚಚ್ಚಿಕೊಂಡ.

ಸಂಜೆ ಬೆಂಚಿನಲ್ಲಿ ಉಳಿದಿದ್ದವನು ಒಬ್ಬನೇ, ಎದೆಯ ಬಳಿ ಅಂಗಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ನಗುನಗುತ್ತಾ ಕೂತಿದ್ದ ಒಬ್ಬ ಬೊಕ್ಕತಲೆಯ ಮನುಷ್ಯ.

“ನಿಮಗೇನು ಬರುತ್ತೆ?” ಗುಂಡಿಮಾಮ ಆಸೆಯಿಂದ ಕೇಳಿದ.

“ಏನೂ ಬರಲ್ಲ. ಅಂಗಿಗೊಂದು ಗುಂಡಿ ಬೇಕಿತ್ತು. ಬೆಳಿಗ್ಗೆ ಬಂದೆ, ಸಾಲಲ್ಲಿ ಕೂರಿಸಿದ್ರು, ಕೂತೆ.”

ಅಷ್ಟರಲ್ಲಿ ಯಜಮಾನರು ಒಳಗೆ ಬಂದರು. “ಏನಾಯ್ತು? ಒಬ್ಬರೂ ಸಿಗ್ಲಿಲ್ವಾ? ಸರಿ, ನಿಮಗೆ ಎಂಥವರು ಬೇಕು, ಅದನ್ನಾದ್ರೂ ಹೇಳಿ.”

ಮೂವರೂ ಪೈಪೋಟಿಯಲ್ಲಿ ಹೇಳಿದರು. ಯಜಮಾನರು ಬೆರಳು ಮಡಿಸುತ್ತಾ ಹೋದರು. “ಓದು ಹದವಾಗಿರ್ಬೇಕು. ಅನುಭವ ಇರ್ಬೇಕು. ಎಲ್ಲೂ ಕೆಲಸ ಬಿಟ್ಟಿರಬಾರ್ದು. ಕಣ್ಮುಚ್ಚಿ ಗುಂಡಿ ಗುರುತು ಹಿಡೀಬೇಕು. ಅಂಥವರು ಒಬ್ಬರಿದ್ದಾರಲ್ರೀ!”

“ಎಲ್ಲಿ? ಬೇಗ ಕರೆಸಿ!” ಗುಂಡಿಮಾಮ ಎದ್ದು ನಿಂತ.

“ನೀವೇ.”

ಲೆಕ್ಕದಕ್ಕ ತಟ್ಟನೆ ಕೈಯೆತ್ತಿದಳು. ದಾರದಣ್ಣ ಎರಡೂ ಕೈ ಎತ್ತಿದ. “ನಮಗೆ ಒಪ್ಪಿಗೆ!” ಕುರ್ಚಿ ತುಂಬಿಯೇ ಬಿಟ್ಟಿತು. ಬೆಕ್ಕನ್ನೂ ಮರಿಗಳನ್ನೂ ಅತ್ತ ಸರಿಸಿ ಗುಂಡಿಮಾಮನನ್ನು ಹೆಗಲು ಒತ್ತಿ ಕೂರಿಸಿದರು.

“ಅಯ್ಯೋ, ಹಾಗಾದ್ರೆ ಮುಖ್ಯಸ್ಥರು ಯಾರು?”

ಯಜಮಾನರು ಸುತ್ತ ನೋಡಿದರು. “ಮುಖ್ಯಸ್ಥರಿಗೆ ಏನೇನು ಬರ್ಬೇಕು?”

ಎಲ್ಲರೂ ಮುಖ ಮುಖ ನೋಡಿಕೊಂಡರು. ಅದನ್ನು ಇವತ್ತಿನವರೆಗೆ ಯಾರೂ ಯೋಚಿಸಿರಲಿಲ್ಲ.

“ಸಹಾಯಕರಿಗೆ ಎಲ್ಲ ಬರುತ್ತಲ್ಲ, ಮುಖ್ಯಸ್ಥರಿಗೇನೂ ಬರ್ಬೇಕಾಗಿಲ್ಲ,” ಎಂದಳು ಲೆಕ್ಕದಕ್ಕ.

“ತಾಳ್ಮೆಯಿಂದ ಕೂತಿದ್ರೆ ಸಾಕು,” ಎಂದ ದಾರದಣ್ಣ. “ಶಿಳ್ಳೆ ಹಾಕ್ಬಾರ್ದು ಅಷ್ಟೇ.”

ಮೂವರ ಕಣ್ಣೂ ಒಟ್ಟಿಗೇ ಬೆಂಚಿನತ್ತ ಹೊರಳಿದವು. ಗುಂಡಿ ಕೇಳಿಕೊಂಡು ಬಂದಿದ್ದ ಬೊಕ್ಕತಲೆಯವನು ಉಗ್ರಾಣದ ಮುಖ್ಯಸ್ಥನಾಗಿ ಒಳಗೆ ಬಂದ. ಅವನಿಗೂ ಅಚ್ಚರಿಯೇ, ಆದರೆ ಬೇಡ ಅನ್ನುವಷ್ಟು ದೊಡ್ಡ ಅಚ್ಚರಿಯೇನಲ್ಲ.

ಎಲ್ಲರೂ ಚೆದುರಿದ ಮೇಲೆ ಗುಂಡಿಮಾಮ ತನ್ನದೇ ಹಳೆಯ ಮೇಜಿನ ಮುಂದೆ ಕೈಕಟ್ಟಿ ನಿಂತ. ಮಾನ ಹೋದರೆ ಹೋಗಲಿ, ಮೊಮ್ಮಗುವಿನ ಮುಖ ನೋಡಿದರೆ ಸಾಕಾಗಿತ್ತು.

“ಸರ್, ನಾಳೆಯಿಂದ ನಾಲ್ಕು ದಿನ ರಜೆ ಬೇಕಿತ್ತು.”

“ಛೆ, ನೀವು ಕೆಲಸಕ್ಕೆ ಸೇರಿದ್ದೇ ಇವತ್ತಲ್ವಾ?” ಬೊಕ್ಕತಲೆಯವನು ನಿಜವಾಗಿಯೂ ನೊಂದುಕೊಂಡ. “ಹೊಸಬರಿಗೆ ಆರು ತಿಂಗಳು ರಜೆ ಇಲ್ವಂತೆ. ಯಜಮಾನರು ಈಗ ತಾನೇ ಹೇಳಿ ಹೋದ್ರು. ಇನ್ನೊಂದು ಮಾತೂ ಹೇಳಿದ್ರು. ಕೆಲಸ ಬಲ್ಲ ಸಹಾಯಕರಿದ್ರೆ ಮುಖ್ಯಸ್ಥರು ಯಾವಾಗ ಬೇಕಾದ್ರೂ ರಜೆ ಹಾಕ್ಬಹುದಂತೆ! ಅದಕ್ಕೇ ನಾನು ನಾಳೆಯಿಂದ ರಜೆ ಹಾಕಿದ್ದೀನಿ. ನಿಮ್ ಹತ್ರ ಬೆಳಗಿನ ಬಸ್ಸಿನ ಟಿಕೆಟ್ ಇದೆಯಂತಲ್ಲ, ದಾರದಣ್ಣ ಎಲ್ಲಾ ಹೇಳಿದ್ರು, ಹೇಗೂ ಹಾಳಾಗುತ್ತೆ, ನನಗೆ ಕೊಟ್ಬಿಡಿ. ನಮ್ ಅಕ್ಕನ ಮನೆ ಇರೋದೂ ಅದೇ ಊರಲ್ಲೇ.”

ಗುಂಡಿಮಾಮ ಜೇಬಿನಿಂದ ಟಿಕೆಟ್ ತೆಗೆದು ಮೇಜಿನ ಮೇಲಿಟ್ಟ.

“ಮೊಮ್ಮಗೂಗೆ ಏನಾದ್ರೂ ಕಳಿಸೋದಿದ್ರೆ ಕೊಡಿ,” ಎಂದು ಹೊಸ ಮುಖ್ಯಸ್ಥರು ಅವನ ಬೆನ್ನು ತಟ್ಟಿದರು. “ಎತ್ಕೊಂಡು ಆಡಿಸಿ, ನಿಮ್ ಹೆಸರು ಹೇಳಿ ಬರ್ತೀನಿ.”