ಎಲುಬಿಗೆ ಗಂಜಿ ಹಾಕಲು ಬಂದ ಅಂಟಿನುಂಡಿಯವರಿಗೆ

ಗಜೇಂದ್ರಗಡ, ೧೯೫೭

ಬೆಲ್ಲ, ಕೊಬ್ಬರಿ, ತುಪ್ಪಗಳ ಪರಿವಾರ ಸಮೇತ ನಮ್ಮ ಗಡಿಗೆಯಲ್ಲಿ ಠಿಕಾಣಿ ಹೂಡಿರುವ ಮಾನ್ಯ ಅಂಟಿನುಂಡಿಯವರೇ, ತಮಗೆ ಪಾದಗಳಿಲ್ಲದ ಕಾರಣ ತಮ್ಮ ದುಂಡು ಮೈಗೇ ಸಾಷ್ಟಾಂಗ ನಮಸ್ಕಾರಗಳು.

ಚೊಚ್ಚಲ ಹೆರಿಗೆಗೆ ತವರಿಗೆ ಬಂದಿರುವ ನನ್ನ ಮಗಳು ನೀಲವ್ವನಿಗೆ ಸಕ್ಕರೆ ಬೇನೆ ಇದೆ. ಗದಗಿನ ಡಾಕ್ಟರರು ಆಕೆಗೆ ದಿನಾಲೂ ಇನ್ಸುಲಿನ್ ಸೂಜಿ ಗೊತ್ತುಮಾಡಿ, ತಾಯಿಯ ರಕ್ತದಲ್ಲಿ ಸಕ್ಕರೆ ಏರಿದರೆ ಹೊಟ್ಟೆಯ ಕೂಸು ಕೊಬ್ಬಿ ದೊಡ್ಡದಾಗುತ್ತದೆ, ಎಲುಬು ಗಟ್ಟಿಯಾಗುವುದು ಮಾತ್ರ ಹಿಂದೆ ಬೀಳಬಹುದು, ಹೆರಿಗೆಯಲ್ಲಿ ಭುಜ ಸಿಕ್ಕಿಕೊಂಡು ಮುರಿದರೂ ಮುರಿದೀತು ಎಂದು ತಿಳಿಸಿ ಹೇಳಿದರು. ಒಟ್ಟಿನಲ್ಲಿ ಮೈ ಗುಂಡು, ಎಲುಬು ಬೆಂಡು. ಈ ಪ್ರಾಸ ನನ್ನದು, ಭಯವೂ ನನ್ನದೇ.

ಪ್ರಾಸ ಚೆನ್ನಾಗಿ ಕೂತಿತೆಂಬ ಒಂದೇ ಕಾರಣಕ್ಕೆ ಅದನ್ನು ಓಣಿಯಲ್ಲಿ ಹೇಳಿದೆ. ನಮ್ಮದು ನೇಕಾರರ ಓಣಿ. ಎದುರು ಮನೆಯ ವೀರವ್ವ ಮಗ್ಗ ನಿಲ್ಲಿಸಿ, ಸಕ್ಕರೆಯನ್ನು ಬಿಟ್ಟು ಎಲುಬನ್ನಷ್ಟೇ ಕೈಗೆತ್ತಿಕೊಂಡು, "ಅಯ್ಯ ಮಾಸ್ತರ್ರ, ಇಷ್ಟೆಲ್ಲಾ ಸಾಲಿ ಕಲತ್ರೂ ಇದು ತಿಳೀಲಿಲ್ಲೇನ್ರಿ? ನೂಲು ಮೆತ್ತಗಿದ್ರ ಗಂಜಿ ಹಾಕ್ತೀವಿ. ಎಲುಬು ಮೆತ್ತಗಿದ್ರ ಅಂಟು ತಿನ್ನಸ್ರಿ!" ಎಂದರು. ಗಿಡದ ಅಂಟು ಹುರಿದು ಬಾಣಂತಿಯ ಸೊಂಟ ಗಟ್ಟಿಯಾಗಲೆಂದು ಕಟ್ಟುವ ತಮ್ಮನ್ನು ಬಸುರಿಗೇ ಕಟ್ಟಲು ಓಣಿಯ ಒಲೆಗಳೆಲ್ಲ ಹೊತ್ತಿಕೊಂಡವು.

ತಮ್ಮ ಪರಿಮಳ ಅಪಾರ, ಸಂತಾನ ಅದಕ್ಕಿಂತಲೂ ಅಪಾರ, ಆದರೆ ಮೈತುಂಬ ಬೆಲ್ಲ, ನೀಲವ್ವನಿಗೆ ವರ್ಜ್ಯ. ಬಸುರಿಯ ಉಡಿಗೆ ಬಿದ್ದದ್ದನ್ನು ಹಿಂದಕ್ಕೆ ಕೊಡುವ ಪದ್ಧತಿ ಇಲ್ಲ. ತಿಂದದ್ದನ್ನು ಕಣ್ಣಾರೆ ನೋಡದೆ ವೀರವ್ವ ಏಳುವ ಪದ್ಧತಿಯೂ ಇಲ್ಲ. ಆದ್ದರಿಂದ ನೀಲವ್ವ ತಮ್ಮನ್ನು ಬಾಯಿಯತ್ತ ಒಯ್ಯುತ್ತಲೇ ನಾನು "ಹಿತ್ತಲಾಗ ಹಾವು!" ಎಂದು ಕೂಗುತ್ತೇನೆ, ವೀರವ್ವ ಬಡಿಗೆ ಹಿಡಿದು ಓಡುತ್ತಾರೆ, ತಾವು ನನ್ನ ಬಾಯಿ ಸೇರುತ್ತೀರಿ. ನಮ್ಮ ಹಿತ್ತಲಿನ ಕೀರ್ತಿ ಹಬ್ಬಿ ಪಕ್ಕದೂರು ಸೂಡಿಯಿಂದ ಹಾವಾಡಿಗನೊಬ್ಬ ಬಂದು ಕುಳಿತಿದ್ದಾನೆ. ಅವನಿಗೂ ತಮ್ಮನ್ನೇ ಕೊಟ್ಟೆ.

ಆದಕಾರಣ ತಾವು ದಯಮಾಡಿ ಹೆರಿಗೆಯ ತನಕ ಬೇವಿನ ರುಚಿ ತಾಳಬೇಕು. ಆಗದಿದ್ದರೆ ಕಾಲು ಬೆಳೆಸಿಕೊಂಡು ಹೊಳೆಆಲೂರಿನಲ್ಲಿ ರೈಲು ಹತ್ತಬೇಕು. ಅದೂ ಆಗದಿದ್ದರೆ ತಾವೇ ಬಾಯಿಬಿಟ್ಟು ವೀರವ್ವನಿಗೆ ಹೇಳಬೇಕು, ಏಕೆಂದರೆ ಓಣಿಯಲ್ಲಿ ನನ್ನ ಬಿ.ಎ.ಗಿಂತ ತಮ್ಮ ಮಾತಿಗೆ ತೂಕ ಹೆಚ್ಚು. ನನಗೆ ಬೇಕಾದದ್ದು ಇಷ್ಟೇ: ಕೂಸು ಇಡಿಯಾಗಿ ಬರಲಿ.

ತಮ್ಮ ವಿಶ್ವಾಸಿ, ತಮ್ಮಿಂದಲೇ ಗುಂಡಾದ
ಗುರುಸಂಗಪ್ಪ ಮಾಸ್ತರ, ಬಿ.ಎ.

ತಾ.ಕ.: ಗದಗಿನ ದವಾಖಾನೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಡಾಕ್ಟರರು ಭುಜ ತಡವಿ, "ಎಲುಬೆಲ್ಲಾ ಗಟ್ಟಿ ಅದಾವ್ರಿ" ಎಂದು ನೀಲವ್ವನ ಪಥ್ಯಕ್ಕೆ ಶಾಭಾಸ್ ಹೇಳಿದರು. ಇತ್ತ ವೀರವ್ವ, "ನೋಡಿದ್ರ್ಯಾ, ಅಂಟು ಹ್ಯಾಂಗ ಹಿಡೀತು!" ಎಂದು ಓಣಿಗೆಲ್ಲ ಸಾರುತ್ತಿರುವಾಗ ತಾವು ಸುಮ್ಮನೆ ಕುಳಿತು ಹೊಗಳಿಸಿಕೊಂಡದ್ದು ತಮ್ಮ ಸಂಭಾವಿತ ಮನೆತನಕ್ಕೆ ತಕ್ಕದ್ದಲ್ಲ. ನೀಲವ್ವ ತಮ್ಮ ಒಂದು ಚೂರನ್ನೂ ತಿಂದಿಲ್ಲ. ಎಲ್ಲವನ್ನೂ ತಿಂದವನ ಮೊಣಕಾಲು ಈಗಲೂ ಅಟ್ಟ ಹತ್ತುವಾಗ ಕಟಕಟ ಅನ್ನುತ್ತದೆ.